ಬಿಡಿಭಾಗ ಬಲ್ಲವರು

ನಂಜನಗೂಡು ಎಂದೊಡನೆ ಮೈಸೂರು ಸೀಮೆಯವರ ನೆನಪಿಗೆ ಮೊದಲು ಬರುವುದು ಕಪಿಲೆಯ ದಡದ ಶ್ರೀಕಂಠೇಶ್ವರನ ಗೋಪುರ. ಅದರ ಬೆನ್ನಿಗೇ ರಸಬಾಳೆ. ಆಮೇಲೆ, 1913ರಲ್ಲಿ ಸ್ಥಾಪಿತವಾದ ಸದ್ವೈದ್ಯಶಾಲೆಯ ಗುಲಾಬಿ ಬಣ್ಣದ ಹಲ್ಲುಪುಡಿ. ಈ ಮೂರರ ಸಾಲಿಗೆ ನಾಲ್ಕನೆಯದೊಂದನ್ನು ಸೇರಿಸುವವರು ವಿರಳ. ಸೇರಿಸಲು ಯೋಗ್ಯವಾದ ವಸ್ತುವೊಂದು ಉಂಟಾದರೂ, ಅದು ಸಂತೆಯಲ್ಲಿ ಮಾರುವಂಥದಲ್ಲ, ಮನೆಯಲ್ಲಿ ಎದುರಿಗಿಟ್ಟು ನೋಡುವಂಥದೂ ಅಲ್ಲ. ಊರಿಗೆ ಸೇರಿದ ಕೈಗಾರಿಕಾ ಪ್ರದೇಶದಲ್ಲಿ, ಕಾಫಿಪುಡಿ, ಔಷಧ, ಬಣ್ಣ, ಕಾಗದ ಮೊದಲಾದುವನ್ನು ತಯಾರಿಸುವ ಕಾರ್ಖಾನೆಗಳ ನೆರೆಯಲ್ಲಿ, ಆಸ್ಟ್ರಿಯ ದೇಶದ ಲೆಯೊಬೆನ್ ನಗರವನ್ನು ಮೂಲಸ್ಥಾನವಾಗಿ ಉಳ್ಳ ಎ.ಟಿ. ಅಂಡ್ ಎಸ್. ಎಂಬ ಕಂಪನಿಯವರು, ಹಿಂದೆ ಇಂಡಾಲ್ ಸಂಸ್ಥೆಗೆ ಸೇರಿದ್ದ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯನ್ನು 1999ರಲ್ಲಿ ಕೊಂಡು, ಅಂದಿನಿಂದ ಒಂದೇ ಒಂದು ಪದಾರ್ಥವನ್ನು ಮಾಡುತ್ತ ಬಂದಿದ್ದಾರೆ. ಅದರ ಹೆಸರು ಪ್ರಿಂಟೆಡ್ ಸರ್ಕ್ಯೂಟ್ ಬೋರ್ಡ್. ಮನೆಯ ಟಿ.ವಿ. ಕೆಟ್ಟು ರಿಪೇರಿ ಅಂಗಡಿಗೆ ಹೊತ್ತೊಯ್ದಾಗ, ಅಂಗಡಿಯವನು ಹಿಂಬದಿಯ ಮುಚ್ಚಳ ತೆಗೆದು ಒಳಗೆ ಇಣುಕಿ, "ಬೋರ್ಡೇ ಹೋಗ್ಬಿಟ್ಟಿದೆ ಸ್ವಾಮಿ" ಎಂದು ನಮ್ಮ ಜೇಬಿನ ಮೇಲೆ ಸಿಡಿಲೆರಗಿಸುತ್ತಾನಲ್ಲ, ಆ ಹಸಿರು ಹಲಗೆಯೇ ಇದು.

ಜಪಾನಿನ ಕಂಪನಿಗಳ ಅಭ್ಯುದಯವನ್ನು ಹೇಳಲು ಹೊರಟವನು ನಂಜನಗೂಡಿನ ಹಸಿರು ಹಲಗೆಯಿಂದ ಆರಂಭಿಸುವುದೇಕೆಂದು ಓದುಗರು ಕೇಳಬಹುದು. ರೇಡಿಯೊ, ಟೇಪ್ ರೆಕಾರ್ಡರು, ಟಿ.ವಿ. ಮುಂತಾದ ಯಂತ್ರಗಳ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಹೊರಗಿನ ಪೆಟ್ಟಿಗೆಯ ಮೇಲೆ ಹೊಳೆಯುವ ಹೆಸರುಗಳ ಮೂಲಕ ಅರಿತುಕೊಳ್ಳುತ್ತೇವೆ; ಆದರೆ ಆ ಹೆಸರುಗಳು ಏರಿದುದೂ ಇಳಿದುದೂ ಪೆಟ್ಟಿಗೆಯ ಒಳಗಿನ ಬಿಡಿಭಾಗಗಳ ದೆಸೆಯಿಂದ ಎಂಬುದು ನನ್ನ ತಿಳಿವಳಿಕೆ. ಆದ್ದರಿಂದ ಒಳಗಿನಿಂದಲೇ ತೊಡಗುವುದು ಒಳ್ಳೆಯದು.

ಗಾಜಿನ ಎಳೆಗಳಿಂದ ನೆಯ್ದ ಬಟ್ಟೆಯನ್ನು ಎಪಾಕ್ಸಿ ಎಂಬ ಅಂಟಿನಲ್ಲಿ ನೆನೆಸಿ, ಪದರದ ಮೇಲೆ ಪದರವಿಟ್ಟು, ಎರಡು ಮೈಗೂ ತಾಮ್ರದ ತೆಳು ಹಾಳೆಯನ್ನು ಹೊದಿಸಿ, ಕಾವು ಕೊಟ್ಟು ಒತ್ತಿದರೆ ಬೋರ್ಡಿನ ಮೂಲದ್ರವ್ಯ ಸಿದ್ಧವಾಗುತ್ತದೆ. ಸಾಮಾನ್ಯ ಬೋರ್ಡಿನ ದಪ್ಪ 1.6 ಮಿಲಿಮೀಟರು; ಅದರ ಮೇಲಿನ ತಾಮ್ರದ ದಪ್ಪವಾದರೋ 35 ಮೈಕ್ರಾನ್, ಎಂದರೆ ಒಂದು ಮಿಲಿಮೀಟರಿನ ಮೂವತ್ತರಲ್ಲೊಂದು ಪಾಲಿಗೆ ಸಮೀಪ. ನಿಮಿಷಕ್ಕೆ ಲಕ್ಷ ಸುತ್ತನ್ನೂ ಮೀರಿ ತಿರುಗುವ ಸೂಜಿಯಂಥ ಬೈರಿಗೆಗಳು ಇದರಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ರಂಧ್ರಗಳನ್ನು ಕೊರೆಯುತ್ತವೆ. ರಂಧ್ರದ ಒಳಗೋಡೆ ಗಾಜು ಮತ್ತು ಅಂಟಿನದಾದುದರಿಂದ ಅಲ್ಲಿ ವಿದ್ಯುತ್ತು ಹರಿಯದು. ಆದಕಾರಣ ಹಲಗೆಯನ್ನು ರಸಾಯನದ ತೊಟ್ಟಿಗಳಲ್ಲಿ ಒಂದಾದ ಮೇಲೊಂದರಂತೆ ಮುಳುಗಿಸಿ, ಆ ಗೋಡೆಗೂ ತಾಮ್ರ ಹಿಡಿಯುವಂತೆ ಮಾಡುತ್ತಾರೆ. ಬಳಿಕ ಬೆಳಕು ತಾಗಿದರೆ ಗಟ್ಟಿಯಾಗುವ ಒಂದು ಪೊರೆಯನ್ನು ಮೇಲೆ ಅಂಟಿಸಿ, ಹಳದಿ ದೀಪಗಳಷ್ಟೇ ಉರಿಯುವ ಕೋಣೆಯಲ್ಲಿ, ನಕ್ಷೆಯ ಪ್ರಕಾರ ಬೇಕಾದಲ್ಲಿ ಮಾತ್ರ ಬೆಳಕು ಬೀಳಿಸುತ್ತಾರೆ. ಬೇಡವಾದ ತಾಮ್ರವನ್ನು ರಾಸಾಯನಿಕ ದ್ರಾವಣ ಕರಗಿಸಿಬಿಟ್ಟರೆ, ಉಳಿದ ಗೆರೆಗಳೇ ಯಂತ್ರದ ತಂತಿಗಳು. ಕೊನೆಗೆ ಹಸಿರು ಲೇಪ. ಪ್ರತಿಯೊಂದು ಗೆರೆಯೂ ಸೇರಬೇಕಾದಲ್ಲಿ ಸೇರಿದೆಯೋ, ಸೇರಬಾರದ ಕಡೆ ತಾಗಿದೆಯೋ ಎಂಬ ವಿದ್ಯುತ್ ಪರೀಕ್ಷೆ. ಇಂಥ ಹಲಗೆಗಳನ್ನು ಪದರಪದರವಾಗಿ ಒಂದರ ಮೇಲೊಂದು ಬೆಸೆದ ಬಹುಪದರದ ಬೋರ್ಡುಗಳೂ ಉಂಟು. ಅವುಗಳಲ್ಲಿ ಒಳಪದರದ ಗೆರೆಗಳು ಕೊರೆದ ರಂಧ್ರಕ್ಕೆ ಹೊಂದದೆ ತಪ್ಪಿದರೆ ಇಡೀ ಹಲಗೆ ಗುಜರಿಗೆ. ನಂಜನಗೂಡಿನಲ್ಲಿ ಸಾವಿರಕ್ಕೂ ಮಿಕ್ಕ ಜನ ಈ ಕಸಬನ್ನು ಮಾಡುತ್ತಿದ್ದಾರೆ. ಅವರು ಮಾಡಿದ ಬೋರ್ಡುಗಳು ಕಾರುಗಳ ಒಳಕ್ಕೂ, ಕಾರ್ಖಾನೆಯ ಯಂತ್ರಗಳ ಒಳಕ್ಕೂ ಹೋಗಿ ಸೇರುತ್ತವೆ. ಪ್ರಸಂಗವಶಾತ್ ಒಂದು ಮಾತು: ಈ ಬಗೆಯ ಬೋರ್ಡನ್ನು 1936ರಷ್ಟು ಹಿಂದೆಯೇ ಲಂಡನ್ನಿನಲ್ಲಿ ಕಲ್ಪಿಸಿ ಮಾಡಿದ ಪೌಲ್ ಐಸ್ಲರನು ಹುಟ್ಟಿದ್ದು ಆಸ್ಟ್ರಿಯದ ವಿಯೆನ್ನದಲ್ಲಿ. ಆಸ್ಟ್ರಿಯದವರು ನಂಜನಗೂಡಿಗೆ ಬಂದುದಕ್ಕೆ ಅದು ಕಾರಣವಲ್ಲ, ಬರೀ ಕಾಕತಾಳೀಯ. ಆದರೂ ಚೆನ್ನಾದ ಕಾಕತಾಳೀಯ.

ಇನ್ನು ಜಪಾನಿಗೆ ಹೋಗೋಣ. 1918ರ ಮಾರ್ಚಿನಲ್ಲಿ ಒಸಾಕ ನಗರದಲ್ಲಿ ಮಾತ್ಸುಶಿತ ಕೊನೊಸುಕೆ ಎಂಬ ಇಪ್ಪತ್ತಮೂರರ ತರುಣ, ಹೆಂಡತಿಯನ್ನೂ ಹೆಂಡತಿಯ ತಮ್ಮನನ್ನೂ ಕೂಡಿಸಿಕೊಂಡು ಒಂದು ಸಣ್ಣ ಕಾರ್ಖಾನೆ ತೆರೆದನು. ತಂದೆ ಅಕ್ಕಿಯ ಸಟ್ಟಾ ವ್ಯಾಪಾರದಲ್ಲಿ ಮನೆ ಕಳೆದುಕೊಂಡಿದ್ದುದರಿಂದ ಒಂಬತ್ತನೆಯ ವಯಸ್ಸಿನಲ್ಲೇ ಊರು ಬಿಟ್ಟು, ಅಂಗಡಿಗಳಲ್ಲಿ ಚಾಕರಿಗೆ ನಿಂತಿದ್ದ ಹುಡುಗ ಅವನು; ಸೈಕಲ್ ಅಂಗಡಿಯೊಂದರಲ್ಲಿ ಬೆಳೆದು, ವಿದ್ಯುತ್ ಕಂಪನಿಯಲ್ಲಿ ಕೆಲಸ ಕಲಿತು ಹೊರಬಿದ್ದವನು. ಅವನು ಮೊದಲು ಮಾಡಿದುದು ಯಂತ್ರವನ್ನಲ್ಲ. ದೀಪದ ಹೋಲ್ಡರಿಗೆ ಸಿಕ್ಕಿಸುವ ಪ್ಲಗ್ಗು, ಒಂದೇ ಕಡೆಯಿಂದ ಎರಡು ಸಂಪರ್ಕ ಕೊಡುವ ಸಾಕೆಟ್ಟು, ಇಂಥವನ್ನು. 1923ರಲ್ಲಿ ಅವನು ಸೈಕಲ್ಲಿಗೆ ಬ್ಯಾಟರಿಯ ದೀಪವೊಂದನ್ನು ಮಾಡಿದ. ಅಲ್ಲಿಯವರೆಗಿನ ಬ್ಯಾಟರಿ ದೀಪಗಳು ಎರಡು ಮೂರು ಗಂಟೆಯಲ್ಲಿ ಕಣ್ಣು ಮುಚ್ಚುತ್ತಿದ್ದರೆ ಇವನದು ಮೂವತ್ತು ಗಂಟೆಗೂ ಮೇಲೆ ಉರಿಯುತ್ತಿತ್ತು. ಸಗಟು ವರ್ತಕರು ನಂಬಲಿಲ್ಲ. ಆತ ವಾದಕ್ಕೆ ಇಳಿಯಲಿಲ್ಲ; ಸೈಕಲ್ ಅಂಗಡಿಗಳಿಗೆ ಹೋಗಿ ದೀಪವನ್ನು ಹಚ್ಚಿಟ್ಟು, "ಎಷ್ಟು ಹೊತ್ತು ಉರಿಯುತ್ತದೋ ನೀವೇ ನೋಡಿ" ಎಂಬ ಭಾವದಲ್ಲಿ ಬಿಟ್ಟುಬಂದ. ಮುಂದೆ ನ್ಯಾಷನಲ್ ಎಂದೂ, ಅದಕ್ಕೂ ಮುಂದೆ ಪ್ಯಾನಸಾನಿಕ್ ಎಂದೂ ಜಗತ್ತಿಗೆಲ್ಲ ಪರಿಚಿತವಾದ ಸಂಸ್ಥೆಯ ಅದೃಷ್ಟ ಖುಲಾಯಿಸಿದುದು ಆ ದೀಪದಿಂದ.

ಮಾತ್ಸುಶಿತನ ಆ ಭಾವಮೈದುನನೇ ನಮ್ಮ ಕಥೆಗೆ ಮುಖ್ಯನಾದವನು. ಇವುಎ ತೊಶಿಯೊ ಎಂಬ ಅವನು ಹದಿಹರೆಯದಿಂದಲೂ ಭಾವನ ಬಲಗೈಯಾಗಿದ್ದು, ಯುದ್ಧದಲ್ಲಿ ಜಪಾನು ಸೋತು ಅಮೆರಿಕನ್ನರ ಆಡಳಿತ ಬಂದಾಗ, ದೊಡ್ಡ ಉದ್ಯಮಗಳ ಹಿರಿಯರ ಮೇಲೆ ಅವರು ಹೇರಿದ ನಿರ್ಬಂಧಗಳ ನಡುವೆ ಆ ಸಂಸ್ಥೆಯನ್ನು ಬಿಟ್ಟು, 1947ರಲ್ಲಿ ಸ್ವಂತವಾಗಿ ಸ್ಯಾನ್ಯೊ ಎಂಬ ಉದ್ಯಮವನ್ನು ಹೂಡಿದನು. ಅವನು ತಯಾರಿಸಿದ ಮೊದಲ ವಸ್ತುವೂ ಸೈಕಲ್ಲಿನದೇ: ಚಕ್ರಕ್ಕೆ ಉಜ್ಜಿ ತಿರುಗುವ ಡೈನಮೋ ದೀಪ. ಬನ್ನೂರು, ಮೂಗೂರು, ಹುಲ್ಲಹಳ್ಳಿಗಳ ಕಡೆಯ ಹಿರಿಯರಿಗೆ ಈ ಡೈನಮೋವನ್ನು ವರ್ಣಿಸಿ ಹೇಳಬೇಕಾದುದಿಲ್ಲ. ಕತ್ತಲಲ್ಲಿ ಅದನ್ನು ಟೈರಿಗೆ ಆನಿಸಿದೊಡನೆ ಪೆಡಲು ಭಾರವಾಗುವುದನ್ನು ಅವರ ಕಾಲುಗಳೇ ಬಲ್ಲವು. 1952ರಲ್ಲಿ ಸ್ಯಾನ್ಯೊ ಪ್ಲಾಸ್ಟಿಕ್ ಕವಚದ ಅಗ್ಗದ ರೇಡಿಯೊವನ್ನು ತಂದಿತು; 1953ರಲ್ಲಿ, ಚಕ್ರ ತಿರುಗಿ ನೀರನ್ನು ಸುಳಿಯಾಡಿಸುವ ಬಟ್ಟೆ ಒಗೆಯುವ ಯಂತ್ರವನ್ನು ಮಾಡಿ, ಜಪಾನಿನ ಮಧ್ಯಮವರ್ಗದ ಮನೆಗಳ ಹಿತ್ತಿಲಿಗೆ ಹೊಕ್ಕಿತು.

ಇದೇ ಕಾಲದಲ್ಲಿ ಟೋಕಿಯೊದಲ್ಲಿ ಇನ್ನೊಂದು ಸಾಹಸ. ಇಬುಕ ಮಸಾರು ಮತ್ತು ಮೊರಿತ ಅಕಿಯೊ ಎಂಬಿಬ್ಬರು 1946ರ ಮೇ ತಿಂಗಳಲ್ಲಿ, 1,90,000 ಯೆನ್ ಬಂಡವಾಳದಿಂದ, ಮುಂದೆ ಸೋನಿ ಎನಿಸಿದ ಕಂಪನಿಯನ್ನು ಸ್ಥಾಪಿಸಿದರು. ಅವರ ಮೊದಲ ಪ್ರಯೋಗವಾದ ವಿದ್ಯುತ್ತಿನಿಂದ ಅನ್ನ ಮಾಡುವ ಮರದ ಪಾತ್ರೆ, ಅನ್ನವನ್ನು ಒಮ್ಮೆ ಹಸಿಯಾಗಿಯೂ ಒಮ್ಮೆ ಗಂಜಿಯಾಗಿಯೂ ಮಾಡಿ ಕೈಕೊಟ್ಟಿತು. ಟೇಪ್ ರೆಕಾರ್ಡರನ್ನು ಮಾಡಹೊರಟಾಗ ಟೇಪೇ ಸಿಕ್ಕದು. ಅದಕ್ಕೆ ತಕ್ಕ ಪ್ಲಾಸ್ಟಿಕ್ ಜಪಾನಿನಲ್ಲಿ ದೊರೆಯುತ್ತಿರಲಿಲ್ಲ. ಆಗ ಅವರು ಕಬ್ಬಿಣದ ಲವಣವೊಂದನ್ನು ಬಾಣಲೆಯಲ್ಲಿ ಹುರಿದು, ಕಾಂತಗುಣವುಳ್ಳ ಪುಡಿ ಮಾಡಿ, ಉದ್ದಕ್ಕೆ ಸೀಳಿದ ಕಾಗದದ ಪಟ್ಟಿಗೆ ಕುಂಚದಿಂದ ಬಳಿದರು. 1950ರಲ್ಲಿ ಹೊರಬಂದ ಆ ಯಂತ್ರದ ತೂಕ 35 ಕಿಲೊ. ಮೊದಮೊದಲು ಕೊಂಡವರಲ್ಲಿ ಶೀಘ್ರಲಿಪಿಕಾರರ ಕೊರತೆಯಿಂದ ಬಳಲುತ್ತಿದ್ದ ನ್ಯಾಯಾಲಯದವರೂ ಇದ್ದರು. ಯಂತ್ರವನ್ನು ಮಾಡಿದವರು ಅನೇಕರು. ಟೇಪನ್ನೇ ಮಾಡಿಕೊಂಡವರು ಇವರು. ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಿಂದ 25,000 ಡಾಲರು ತೆತ್ತು ಟ್ರಾನ್ಸಿಸ್ಟರಿನ ಪರವಾನಗಿಯನ್ನು ಪಡೆದಾಗಲೂ ಅಷ್ಟೆ: ಕಿವುಡರ ಶ್ರವಣಯಂತ್ರಕ್ಕಷ್ಟೇ ಅದು ಒದಗೀತೆಂದು ಅಲ್ಲಿಯವರು ಹೇಳಿದರೂ, ಇವರು ರೇಡಿಯೊಕ್ಕೆ ತಕ್ಕ ಟ್ರಾನ್ಸಿಸ್ಟರನ್ನು ತಾವೇ ಮಾಡತೊಡಗಿ, ನೂರು ಮಾಡಿದರೆ ಐದೇ ನೆಟ್ಟಗಿರುತ್ತಿದ್ದ ದಿನಗಳನ್ನೂ ಸಹಿಸಿ, 1955ರಲ್ಲಿ ಟಿ.ಆರ್.-55 ಎಂಬ ರೇಡಿಯೊವನ್ನು ಮಾರುಕಟ್ಟೆಗೆ ತಂದರು. ಆ ವರ್ಷವೇ ಅಮೆರಿಕದ ಬುಲೋವ ಕಂಪನಿ ಒಂದು ಲಕ್ಷ ರೇಡಿಯೊ ಬೇಕೆಂದು, ಆದರೆ ತಮ್ಮ ಹೆಸರನ್ನೇ ಅಚ್ಚೊತ್ತಬೇಕೆಂದು ಕೇಳಿದಾಗ, ಮೊರಿತ ಒಲ್ಲೆನೆಂದ. ಈ ನಿರಾಕರಣೆಯನ್ನು ವ್ಯಾಪಾರಶಾಸ್ತ್ರದ ಪುಸ್ತಕಗಳು ಛಲದ ಉದಾಹರಣೆಯಾಗಿ ಹೊಗಳುತ್ತವೆ. ನನಗೆ ಕಾಣುವುದು ಬೇರೆ: ಟ್ರಾನ್ಸಿಸ್ಟರು ಸ್ವಂತದ್ದಾಗಿರದಿದ್ದರೆ ಆ ಛಲಕ್ಕೆ ಆಧಾರವೇ ಇರುತ್ತಿರಲಿಲ್ಲ.

ಬಿಡಿಭಾಗವನ್ನು ತಾನೇ ಮಾಡಿಕೊಳ್ಳುವ ಈ ಬುದ್ಧಿ ಜಪಾನಿಗೆ ಎಲ್ಲಿಂದ ಬಂದಿತು? ಒಂದೇ ಮೂಲವನ್ನು ತೋರುವುದು ಸಾಹಸವಾದೀತು. ಆದರೆ ಅಲ್ಲಿಯ ಆಧುನಿಕ ಕೈಗಾರಿಕೆಗೆ ಮೊದಲ ವಿದೇಶೀ ಹಣವನ್ನು ಗಳಿಸಿಕೊಟ್ಟದ್ದು ರೇಷ್ಮೆಯ ನೂಲು, ಅದರಲ್ಲಿಯೂ 1872ರಲ್ಲಿ ತೊಮಿಯೊಕದಲ್ಲಿ ಸರ್ಕಾರ ಸ್ಥಾಪಿಸಿದ ಕಾರ್ಖಾನೆಯ ಮಾದರಿಯಲ್ಲಿ ತೆಗೆದ ಒಂದೇ ಸಮನಾದ ನೂಲು, ಎಂಬುದನ್ನು ಮರೆಯಬಾರದು. ಗೂಡಿನ ಎಳೆ ಎಲ್ಲಿ ತೆಳುವಾಯಿತು, ಯಾವ ಕ್ಷಣದಲ್ಲಿ ಹೊಸ ಗೂಡನ್ನು ಸೇರಿಸಬೇಕು ಎಂಬುದನ್ನು ಬೆರಳಿನಿಂದಲೇ ಅರಿಯುವ ಜನ ಟ್ರಾನ್ಸಿಸ್ಟರಿನ ಕೂದಲೆಳೆಯ ತಂತಿಗೆ ಹೆದರುವರೆ? ಈ ವಿಷಯದಲ್ಲಿ ಮೈಸೂರು ದೇಶ ಜಪಾನಿಗೆ ತೀರ ಹೊರಗಿನದಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಮ್‌ಶೇಟ್‌ಜಿ ಟಾಟಾ ಅವರು ಜಪಾನೀ ಪರಿಣತರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆಯ ತೋಟವನ್ನೂ ನೂಲು ತೆಗೆಯುವ ವ್ಯವಸ್ಥೆಯನ್ನೂ ಮಾಡಿಸಿದರು. ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನನ್ನು ಕಣ್ಣಾರೆ ಕಂಡು, ಆ ದೇಶದ ಉದಾಹರಣೆಯನ್ನು ಬಾಳುದ್ದಕ್ಕೂ ನಮ್ಮ ಮುಂದೆ ಹಿಡಿದರು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ರೇಷ್ಮೆ ನೇಯ್ಗೆಯ ಕಾರ್ಖಾನೆ ಹುಟ್ಟಿತು. ಇಂದಿಗೂ ಆ ಕಾರ್ಖಾನೆಯ ಮಗ್ಗಗಳಿಗೆ ನೂಲನ್ನು ಒದಗಿಸುವುದು ಟಿ. ನರಸೀಪುರದ ಸರ್ಕಾರೀ ನೂಲು ಬಿಚ್ಚಾಣಿಕೆಯ ಕಾರ್ಖಾನೆ. ಕಾವೇರಿ ಕಪಿಲೆಗಳು ಕೂಡುವ ಆ ಊರಿನ ಹೆಂಗಸರು ಬಿಸಿನೀರಿನಲ್ಲಿ ತೇಲುವ ಗೂಡುಗಳಿಂದ ಎಳೆ ಹಿಡಿದು ಕೊಟ್ಟ ನೂಲೇ ಜರಿ ಸೇರಿ ಮೈಸೂರು ಸಿಲ್ಕ್ ಸೀರೆಯಾಗಿ, ಅಂಗಡಿಯ ಮುಂದೆ ಸರದಿಯಲ್ಲಿ ನಿಂತು ಕೊಳ್ಳುವಷ್ಟು ಮಾನ್ಯವಾಗಿದೆ. ರೇಷ್ಮೆಯಲ್ಲಿ ನಾವು ನೂಲನ್ನು ಕೈಬಿಡಲಿಲ್ಲ, ಸೀರೆಯನ್ನೂ ಕೈಬಿಡಲಿಲ್ಲ.

ಎಲೆಕ್ಟ್ರಾನಿಕ್ಸಿನಲ್ಲಿ ಹಾಗಾಗಲಿಲ್ಲ. ಆರಂಭವೇನೋ ಅಶುಭವಾಗಿರಲಿಲ್ಲ. 1935ರಲ್ಲಿಯೇ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ರೇಡಿಯೊ ಪ್ರಸಾರವನ್ನು ತೊಡಗಿದ್ದರು, 1954ರಲ್ಲಿ ಬೆಂಗಳೂರಿನಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪನೆಯಾಗಿ, ರೇಡಿಯೊ ವಾಲ್ವುಗಳನ್ನೂ ಟ್ರಾನ್ಸಿಸ್ಟರುಗಳನ್ನೂ ಮಾಡತೊಡಗಿತ್ತು, 1976ರಲ್ಲಿ ಆರ್. ಕೆ. ಬಾಳಿಗರ ಮುಂದಾಳುತನದಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ಹುಟ್ಟಿತು. ಖಾಸಗಿಯವರಲ್ಲಿ ಎದ್ದು ಕಾಣುವ ಹೆಸರು ಬಿಪಿಎಲ್. ಟಿ. ಪಿ. ಗೋಪಾಲನ್ ನಂಬಿಯಾರರು ಬ್ರಿಟಿಷ್ ಕಂಪನಿಯೊಂದರ ಸಹಕಾರದಿಂದ 1963ರಲ್ಲಿ ಕೇರಳದ ಪಾಲಕ್ಕಾಡಿನಲ್ಲಿ ಅಳತೆಯ ಉಪಕರಣಗಳಿಗಾಗಿ ತೊಡಗಿ, ಮುಂದೆ ಬೆಂಗಳೂರನ್ನು ಕೇಂದ್ರವಾಗಿ ಮಾಡಿಕೊಂಡ ಸಂಸ್ಥೆ ಇದು. 1982ರ ಆಗಸ್ಟ್ 15ರಂದು ದೂರದರ್ಶನಕ್ಕೆ ಬಣ್ಣ ಬಂದಿತು. ಅದೇ ವರ್ಷ ದೆಹಲಿಯಲ್ಲಿ ಏಷ್ಯನ್ ಕ್ರೀಡೆಗಳು ನಡೆದುವು. ದೇಶಕ್ಕೆ ದೇಶವೇ ಟಿ.ವಿ.ಗಾಗಿ ಹಂಬಲಿಸಿತು. ಬಿಪಿಎಲ್ ಆ ಕಾಲದಲ್ಲಿ ತಂತ್ರವಿದ್ಯೆಗಾಗಿ ಕೈಹಿಡಿದುದು ಸೈಕಲ್ ಡೈನಮೋ ಮಾಡಿದ ಆ ಸ್ಯಾನ್ಯೊ ಸಂಸ್ಥೆಯನ್ನೇ. ಬಿಪಿಎಲ್-ಸ್ಯಾನ್ಯೊ ಎಂಬ ಜೋಡಿ ಹೆಸರು ಎಂಬತ್ತು ತೊಂಬತ್ತರ ದಶಕಗಳಲ್ಲಿ ಪಡೆದ ಗೌರವವನ್ನು ಇಂದಿನ ಮಕ್ಕಳಿಗೆ ತಿಳಿಯಹೇಳುವುದು ಕಷ್ಟ. ಭತ್ತ ಮಾರಿದ ದುಡ್ಡಿನಲ್ಲಿ ಟೂ-ಇನ್-ಒನ್ ತಂದ ಮನೆಯ ಜಗಲಿಯಲ್ಲಿ ನೆರೆಯವರು ಸೇರುತ್ತಿದ್ದುದು, ಮಗಳ ಮದುವೆಯ ಸಾಮಾನುಗಳ ಪಟ್ಟಿಯಲ್ಲಿ ಟಿ.ವಿ.ಯ ಜೊತೆಗೆ ಅದರ ಕಂಪನಿಯ ಹೆಸರನ್ನೂ ಬರೆಸುತ್ತಿದ್ದುದು, ಟಿ.ವಿ.ಗೆ ಕಸೂತಿಯ ಹೊದಿಕೆಯನ್ನು ಹೊಲಿದು ಹೊದಿಸುತ್ತಿದ್ದುದು, ಇವೆಲ್ಲ ಕಪಿಲೆ ಕಾವೇರಿಗಳ ಬಯಲಿನ ಊರುಗಳಲ್ಲಿ ಸರ್ವೇಸಾಮಾನ್ಯವಾಗಿದ್ದುವು.

ಆ ಸ್ಯಾನ್ಯೊ ಗುರುವಿಗೆ ಇನ್ನೊಬ್ಬ ಶಿಷ್ಯನಿದ್ದ. ಕೊರಿಯದ ಸ್ಯಾಮ್‌ಸಂಗ್ ಸಂಸ್ಥೆ 1969ರಲ್ಲಿ ಎಲೆಕ್ಟ್ರಾನಿಕ್ಸ್ ಉದ್ಯಮಕ್ಕೆ ಕಾಲಿಟ್ಟಾಗ ಟಿ.ವಿ. ಮಾಡುವ ವಿದ್ಯೆಯನ್ನು ಕಲಿತುದು ಸ್ಯಾನ್ಯೊದಿಂದಲೇ. ಸ್ಯಾಮ್‌ಸಂಗ್-ಸ್ಯಾನ್ಯೊ ಎಂಬ ಜಂಟಿ ಕಂಪನಿಯನ್ನೇ ಅವರು ಕಟ್ಟಿದ್ದರು. ಆದರೆ ಪೆಟ್ಟಿಗೆ ಜೋಡಿಸಲು ಕಲಿತೊಡನೆ ಆ ಶಿಷ್ಯ ತೃಪ್ತನಾಗಲಿಲ್ಲ. ಎನ್.ಇ.ಸಿ. ಸಂಸ್ಥೆಯ ಜೊತೆಗೂಡಿ ಟಿ.ವಿ.ಯ ಚಿತ್ರನಳಿಕೆಯನ್ನು ಮಾಡಿತು. 1974ರಲ್ಲಿ ಕೊರಿಯದ ಅರೆವಾಹಕ ಕಂಪನಿಯೊಂದನ್ನು ಕೊಂಡು ಚಿಪ್ಪಿನ ವಿದ್ಯೆಗೆ ಕೈಹಾಕಿತು. ನಷ್ಟವನ್ನು ನುಂಗಿತು, ಆದರೆ ಬಿಡಲಿಲ್ಲ. ಬಿಪಿಎಲ್ ಬಿಡಿಭಾಗಗಳನ್ನು ಅಲಕ್ಷಿಸಿತೆಂದು ಹೇಳುವುದು ಅನ್ಯಾಯ. ಅದೂ ಚಿತ್ರನಳಿಕೆಯ ಉದ್ಯಮಕ್ಕೆ ಇಳಿದಿತ್ತು. ಆದರೆ ನಳಿಕೆಯ ಕಾಲ ಮುಗಿದು ಚಪ್ಪಟೆ ಪರದೆಯ ಕಾಲ ಬರುವ ಹೊತ್ತಿಗೆ, ಆ ಪರದೆಯ ವಿದ್ಯೆಯಾಗಲಿ, ಅದರ ಹಿಂದಿನ ಚಿಪ್ಪಿನ ವಿದ್ಯೆಯಾಗಲಿ ಭಾರತದ ಯಾವ ಟಿ.ವಿ. ಕಂಪನಿಯ ಕೈಯಲ್ಲಿಯೂ ಇರಲಿಲ್ಲ. 1991ರ ಬಳಿಕ ದೇಶದ ಬಾಗಿಲು ತೆರೆದು, 1995ರಿಂದೀಚೆಗೆ ಕೊರಿಯದವರೇ ನಮ್ಮ ಊರುಗಳಲ್ಲಿ ಅಂಗಡಿ ಇಟ್ಟಾಗ, ಮೊಬೈಲ್ ದೂರವಾಣಿ, ವಿದ್ಯುತ್ ಸ್ಥಾವರ ಮುಂತಾದ ದೊಡ್ಡ ಬಂಡವಾಳದ ವ್ಯವಹಾರಗಳಿಗೂ ಚಾಚಿಕೊಂಡಿದ್ದ ಬಿಪಿಎಲ್ ಆ ಹೊಡೆತವನ್ನು ತಾಳಲಾರದೆ ಹೋಯಿತು. ತಪ್ಪನ್ನೆಲ್ಲ ಒಂದು ಕಂಪನಿಯ ತಲೆಗೆ ಕಟ್ಟತಕ್ಕದ್ದೂ ಅಲ್ಲ. ಒಂದು ಯಂತ್ರವನ್ನು ತರಿಸಲೂ ದೆಹಲಿಯ ಅಪ್ಪಣೆ ಬೇಕಾಗಿದ್ದ, ಎಷ್ಟು ಮಾಡಬೇಕೆಂಬ ಮಿತಿಯನ್ನೂ ಲೈಸೆನ್ಸಿನಲ್ಲಿ ಬರೆದು ಕೊಡುತ್ತಿದ್ದ ಕಾಲದಲ್ಲಿ, ಲಕ್ಷೋಪಲಕ್ಷ ಸಂಖ್ಯೆಯಲ್ಲಿ ಮಾಡಿದರೆ ಮಾತ್ರ ಲಾಭ ತರುವ ಬಿಡಿಭಾಗಕ್ಕೆ ಯಾರು ಹಣ ಹೂಡಿಯಾರು? ನಂಬಿಯಾರರು 2024ರ ಅಕ್ಟೋಬರ್ 31ರಂದು ಬೆಂಗಳೂರಿನಲ್ಲಿ ತೀರಿಕೊಂಡಾಗ ಪತ್ರಿಕೆಗಳಲ್ಲಿ ಕಂಡ ಆದರವು ಪ್ರಾಮಾಣಿಕವಾದುದೇ ಆಗಿತ್ತು.

ಗುರುವಿನ ಗತಿಯೂ ಸುಖವಾಗಿ ಮುಗಿಯಲಿಲ್ಲ. 2004ರಲ್ಲಿ ನಿಯಿಗಾತದಲ್ಲಿ ನಡೆದ ಭೂಕಂಪ ಸ್ಯಾನ್ಯೊದ ಅರೆವಾಹಕ ಕಾರ್ಖಾನೆಯನ್ನು ಹಾಳುಗೆಡಹಿ ಸಂಸ್ಥೆಯನ್ನು ಸಾಲದಲ್ಲಿ ಕೆಡವಿತು. ಕಡೆಗೆ 2009ರಲ್ಲಿ ಅದನ್ನು ಕೊಂಡದ್ದು, ಅರುವತ್ತು ವರ್ಷಗಳ ಹಿಂದೆ ತೊಶಿಯೊ ಬಿಟ್ಟುಬಂದಿದ್ದ ಭಾವನ ಮನೆಯೇ ಆದ ಪ್ಯಾನಸಾನಿಕ್. ಪ್ಯಾನಸಾನಿಕ್ಕಿಗೆ ಸ್ಯಾನ್ಯೊದಲ್ಲಿ ಬೇಕಾಗಿದ್ದುದು ಟಿ.ವಿ.ಯಲ್ಲ, ಫ್ರಿಜ್ಜಲ್ಲ; ಮರುಪೂರಣ ಮಾಡಬಹುದಾದ ಬ್ಯಾಟರಿಯ ವಿದ್ಯೆ. ಬಟ್ಟೆ ಒಗೆಯುವ ಯಂತ್ರದ ವ್ಯವಹಾರ ಚೀನದ ಹೈಯರ್ ಕಂಪನಿಗೆ ಹೋಯಿತು. ಹೆಸರು ಅಳಿಯಿತು, ಬಿಡಿಭಾಗ ಉಳಿಯಿತು.

ಈ ಹಿನ್ನೆಲೆಯಲ್ಲಿ ನೋಡಿದಾಗ ನಂಜನಗೂಡಿನ ಕಾರ್ಖಾನೆ ಕೇವಲ ಉದ್ಯೋಗ ಕೊಡುವ ಒಂದು ಕಟ್ಟಡವಾಗಿ ಕಾಣುವುದಿಲ್ಲ. ಮೈಸೂರಿನಲ್ಲಿಯೇ 1988ರಲ್ಲಿ ಹುಟ್ಟಿದ ಕೇನ್ಸ್ ಸಂಸ್ಥೆ, ಬೋರ್ಡಿನ ಮೇಲೆ ಭಾಗಗಳನ್ನು ಬೆಸೆಯುವ ಕೆಲಸದಿಂದ ತೊಡಗಿ ಈಗ ಗುಜರಾತಿನ ಸಾನಂದದಲ್ಲಿ ಚಿಪ್ಪುಗಳನ್ನು ಕಟ್ಟಿ ಪರೀಕ್ಷಿಸುವ ಕಾರ್ಖಾನೆಯವರೆಗೆ ಬೆಳೆದಿರುವುದನ್ನೂ ಇದರ ಜೊತೆಗೆ ಇಟ್ಟು ನೋಡಬೇಕು. ಹಾಗೆಂದು ಹಿಗ್ಗಿ ಕೂರುವಂತೆಯೂ ಇಲ್ಲ. ತಾಮ್ರ ಹೊದಿಸಿದ ಮೂಲಹಲಗೆಗೆ ನಮ್ಮ ದೇಶ ಈಗಲೂ ಬಹುಮಟ್ಟಿಗೆ ಹೊರಗಿನವರನ್ನೇ ನೆಚ್ಚಿದೆ. ನಂಜನಗೂಡಿನ ಕಾರ್ಖಾನೆಯ ಒಡೆತನವೂ ಲೆಯೊಬೆನ್ನಿನದು. ಬೋರ್ಡಿನ ಕೆಲಸ ನೀರನ್ನು ಬಹಳ ಬೇಡುವಂಥದು, ತೊಳೆದ ನೀರಿನಲ್ಲಿ ತಾಮ್ರವನ್ನೂ ಆಮ್ಲವನ್ನೂ ಬಿಡುವಂಥದು; ಎಲ್ಲಿ ನಡೆದರೂ ಆ ನೀರನ್ನು ಶುದ್ಧಿ ಮಾಡದೆ ಹೊರಬಿಡಕೂಡದು. ನಂಜನಗೂಡಿನಲ್ಲಿ ಯಾತ್ರಿಕರು ಮೀಯುವ ಕಪಿಲೆಯೇ ಮುಂದೆ ಟಿ. ನರಸೀಪುರದ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುವುದಾದ್ದರಿಂದ, ಇಡೀ ಕೈಗಾರಿಕಾ ಪ್ರದೇಶದ ಮೇಲೆ ಎರಡೂ ತಾಲ್ಲೂಕುಗಳವರ ಕಣ್ಣು ಇರುವುದು ನ್ಯಾಯವೇ.

ನಂಜನಗೂಡು, ಟಿ. ನರಸೀಪುರಗಳ ಹೈಸ್ಕೂಲು ಉಪಾಧ್ಯಾಯರಲ್ಲಿ ನನ್ನದೊಂದು ಬಿನ್ನಹ. ಊರಿನ ಗುಜರಿ ಅಂಗಡಿಯಲ್ಲಿ ಹಳೆಯ ಟ್ರಾನ್ಸಿಸ್ಟರ್ ರೇಡಿಯೊವೊಂದು ಸಿಕ್ಕರೆ ಕೊಂಡು ತನ್ನಿ. ಟಿ.ವಿ. ಬೇಡ, ಹಳೆಯ ಚಿತ್ರನಳಿಕೆಯಲ್ಲಿ ಪ್ಲಗ್ಗು ಕಿತ್ತ ಮೇಲೂ ವಿದ್ಯುತ್ತು ನಿಂತಿರಬಹುದು. ರೇಡಿಯೊದ ಬ್ಯಾಟರಿ ತೆಗೆದು, ಮುಚ್ಚಳ ಬಿಚ್ಚಿ, ಬೋರ್ಡನ್ನು ಹೊರಕ್ಕೆಳೆದು ಮಕ್ಕಳ ಕೈಗೆ ಕೊಡಿ. ತಾಮ್ರದ ಗೆರೆಗಳನ್ನು ಅವರು ಬೆರಳಿಟ್ಟು ಹಿಂಬಾಲಿಸಲಿ. ಅನಂತರ ಸಾಧ್ಯವಾದರೆ ಒಂದು ದಿನ ಅವರನ್ನು ನರಸೀಪುರದ ನೂಲಿನ ಕಾರ್ಖಾನೆಗೂ, ನಂಜನಗೂಡಿನ ಬೋರ್ಡಿನ ಕಾರ್ಖಾನೆಗೂ ಅನುಮತಿ ಪಡೆದು ಕರೆದುಕೊಂಡು ಹೋಗಿ. ಎರಡಕ್ಕೂ ನಡುವೆ ಬಸ್ಸಿನಲ್ಲಿ ಒಂದು ಗಂಟೆಯ ಹಾದಿಯಷ್ಟೆ.